ಜೀಪಿನ ಲೆಕ್ಕದ ವಹಿ

ಹಳೇ ಜೀಪು ಕಟ್ಟಿಸೋದೋ, ಇಲ್ಲಾ ಮೋಡಕಾ ಅಂಗಡಿಗೆ ತೂಕದ ಮ್ಯಾಲ ಕೊಟ್ಟು ಕೈ ತೊಳಕೊಳ್ಳೋದೋ ಅನ್ನೂ ಮಾತು ನಮ್ಮ ಮನ್ಯಾಗ ಎರಡು ವರ್ಷ ನಡೀತ್ರಿ. ನಮ್ಮ ಮನೀಯವ್ರು ಒಂದು ಹೇಳಿದ್ರ ಮೈದುನ ಇನ್ನೊಂದು ಹೇಳಾಂವ. ಪುಣೆದಾಗಿರೋ ಮಗ ಫೋನಿನ್ಯಾಗ ಮೂರನೇದ್ದು ಹೇಳಾಂವ. ಯಾರೂ ಬಾಯಿ ಬಿಟ್ಟು ಆಡ್ದಿದ್ದ ಮಾತು ಮಾತ್ರ ಬ್ಯಾರೇನ ಇತ್ತು. ಜೀಪ ಮಾರಿದ್ರ ನಮ್ಮ ಅತ್ತಿಯವ್ರು ಊರು ಬಿಡಬೇಕಾಗ್ತಿತ್ತು. ಜೀಪ ಕಟ್ಟಿಸಿದ್ರ, ಅವರು ಅಲ್ಲೇ ಇರೂದಕ್ಕ ನಾವೆಲ್ಲಾರೂ ಹೂಂ ಅಂದಂಗ ಆಗ್ತಿತ್ತು.

ನಮ್ಮ ಮನಿ ಬೆಳಗಾವಿ ಟಿಳಕವಾಡಿಯೊಳಗ. ಹೊಲ, ಹಳೇ ಮನಿ ಖಾನಾಪುರ ತಾಲೂಕಿನ್ಯಾಗ, ಜಾಂಬೋಟಿ ಕಡೆ. ಬೆಳಗಾವಿಯಿಂದ ಖಾನಾಪುರ ಸುಮಾರು 25 ಕಿಲೋಮೀಟರು. ಆದ್ರ ಮಳಿಗಾಲದಾಗ ಎರಡು ಬ್ಯಾರೆ ಬ್ಯಾರೆ ಸೀಮಿ ಅನ್ನಿಸ್ತಾವು. ಇಲ್ಲಿ ಟಿಳಕವಾಡಿಯೊಳಗ ಜಿಟಿಜಿಟಿ ಮಳಿ ಇದ್ರ ಜಾಂಬೋಟಿ, ಕಣಕುಂಬಿ ಕಡೆ ಹಗಲು ರಾತ್ರಿ ಕೊಡಾ ಸುರುವಿದಂಗ ಸುರೀತಿರ್ತೈತಿ. ನಮ್ಮ ಮಲಪ್ರಭಾ ಹುಟ್ಟೋದು ಅದ ಕಣಕುಂಬಿಯೊಳಗ, ಅಂದ ಮ್ಯಾಲ ಮಳಿ ಎಷ್ಟು ಅನ್ನೋದು ನಿಮಗ ತಿಳೀಬೇಕು. ಡಾಂಬರ ರಸ್ತಾ ಬಿಟ್ಟು ನಮ್ಮ ಮನಿಗೆ 2 ಕಿಲೋಮೀಟರು ಕೆಂಪಮಣ್ಣಿನ ಹಾದಿ, ನಡುವ ಒಂದು ಹಳ್ಳ. ಬ್ಯಾಸಗ್ಯಾಗ ಸೈಕಲ್ ಮ್ಯಾಲೂ ಹೋಗಬಹುದು. ಮಿರಗ ಕೂಡಿದ ಮ್ಯಾಲ ಆ ಹಾದಿ ಅರಲ ಆಗಿ ಚಪ್ಪಲಿ ಕಿತ್ತಕೊಂಡ ಹೋಗ್ತೈತಿ.

ಅತ್ತಿಯವ್ರಿಗೆ 81 ವರ್ಷ. ಮೂರು ಎಕರೆ ಭತ್ತ, ಒಂದಿಷ್ಟು ಗೋಡಂಬಿ ಗಿಡ, ಎರಡು ಎಮ್ಮಿ, ಜೋಡಿಗೆ ಕೆಲಸದ ಒಬ್ಬಾಕಿ ಹೆಣಮಗಳು. 2022ರ ಜುಲೈದಾಗ ಅವರಿಗೆ ಎದಿ ಕಟ್ಟಿ ಜ್ವರ ಬಂತು. ಗಾಡಿ ಡಾಂಬರ ರಸ್ತಾದಾಗನ ನಿಂತು. ಊರಿನ ನಾಕ ಹುಡುಗರು ಕುರ್ಚಿಗೆ ಬಿದಿರ ಕಟ್ಟಿ, ಅವರನ್ನ ಕೂಡಿಸಿ, ಮ್ಯಾಲ ತಾಡಪತ್ರಿ ಹಿಡಕೊಂಡು ಆ ಎರಡು ಕಿಲೋಮೀಟರು ಹೊತ್ತು ತಂದ್ರು. ನಮ್ಮ ತಾಲೂಕಿನ ಕಾಡೊಳಗಿನ ಊರುಗಳಾಗ ಇದು ಹೊಸಾ ಸುದ್ದಿ ಅಲ್ಲ, ಮಳಿಗಾಲ ಬಂದ್ರ ಪೇಪರಿನ್ಯಾಗ ಇಂಥಾ ಫೋಟೋ ಬರ್ತಾವು. ಫೋಟೋದಾಗಿನ ಕುರ್ಚಿಯೊಳಗ ನಮ್ಮವ್ರ ಕುಂತಾಗ ಮಾತ್ರ ಅದು ಬ್ಯಾರೇನ ಕಾಣಸ್ತೈತ್ರಿ.

ಅವರು ಆರಾಮ ಆದ್ರು. ಅವತ್ತಿನಿಂದ ಮೈದುನಂದು ಒಂದ ಮಾತು. “ವೈನಿ, ಅವ್ವನ್ನ ಬೆಳಗಾವಿಗೆ ಕರ್ಕೊಂಡ ಬರೋಣು. ಆ ಜೀಪ ಮಾರೋಣು, ಎಮ್ಮಿ ಮಾರೋಣು. ಇನ್ನೊಮ್ಮೆ ಹಿಂಗಾದ್ರ ಮಂದಿ ನಮ್ಮ ಮಕಕ್ಕ ಉಗಳ್ತಾರ.” ಅವನ ಮಾತಿನ್ಯಾಗ ಸುಳ್ಳಿಲ್ಲ. ಅತ್ತಿಯವ್ರನ್ನ ಕೇಳಿದ್ರ, “ಬೆಳಗಾವ್ಯಾಗ ಬಂದು ನಾ ಏನ ಮಾಡ್ಲೆವಾ? ಗ್ಯಾಲರಿಯೊಳಗ ಕುಂತು ಮಂದಿ ಮೋಟಾರ ಎಣಸ್ಲೇನ?” ಅಂದ್ರು. ಅವರ ಮಾತಿನ್ಯಾಗೂ ಸುಳ್ಳಿಲ್ಲ.

ಆ ಜೀಪು ನಮ್ಮ ಮಾವನವರದು. ಮಹೀಂದ್ರಾ ಎಂಎಂ 540, 1991ರ ಗಾಡಿ, ಕೆಎ 22 ನಂಬರು. ಭತ್ತದ ಚೀಲ, ಗೊಬ್ಬರ, ಗೋಡಂಬಿ, ಮದುವಿ ಮಂದಿ, ಬಾಣಂತಿಯರು, ಎಲ್ಲಾ ಅದರಾಗನ ಹೋಗಿ ಬಂದಾವು. 2017ರಾಗ ಮಾವನವರು ಹೋದ ಮ್ಯಾಲ ಎಮ್ಮಿ ಕೊಟ್ಟಿಗಿ ಬಾಜೂಕ ನಿಂತಿದ್ದು ನಿಂತ ಬಿಡ್ತು. ಕೋಳಿ ಅದರಾಗ ತತ್ತಿ ಇಡ್ತಿದ್ದು, ಇಲಿ ವಾಯರ್ ತಿಂತಿದ್ದು.

ಈ ಜೀಪಿನ ಕುಲ ಗೋತ್ರ ಮಗ ಹೇಳಿದ್ದು, ನನಗೂ ಕೇಳಿ ಖುಷಿ ಆತು. ಎರಡನೇ ಮಹಾಯುದ್ಧದಾಗ ಅಮೆರಿಕಾದ ವಿಲ್ಲೀಸ್ ಕಂಪನಿ ಸೈನ್ಯಕ್ಕಂತ ಮಾಡಿದ ಜೀಪ ಇದರ ಮುತ್ತಜ್ಜ. ನಮ್ಮ ದೇಶದಾಗ 1945ರಾಗ ಮಹೀಂದ್ರಾ ಅಂಡ್ ಮೊಹಮ್ಮದ್ ಅಂತ ಕಂಪನಿ ಶುರು ಆತು. ದೇಶ ಎರಡಾದಾಗ ಮೊಹಮ್ಮದ್ ಅನ್ನೂ ಪಾಲುದಾರರು ಪಾಕಿಸ್ತಾನಕ್ಕ ಹೋಗಿ ಅಲ್ಲಿ ಮೊದಲ್ನೇ ಹಣಕಾಸು ಮಂತ್ರಿ ಆದ್ರು. 1948ರಾಗ ಕಂಪನಿ ಹೆಸರು ಮಹೀಂದ್ರಾ ಅಂಡ್ ಮಹೀಂದ್ರಾ ಆತು. ವಿಲ್ಲೀಸ್ ಜೀಪಿನ ಬಿಡಿ ಸಾಮಾನು ತರಿಸಿ ಮುಂಬೈದಾಗ ಜೋಡಿಸೋದು 1947ರಾಗನ ಶುರು ಆಗಿತ್ತು. ಆಮ್ಯಾಲ ಎಲ್ಲಾ ಇಲ್ಲೇ ಮಾಡಾಕ ಹತ್ತಿದ್ರು. ನಮ್ಮ ಗಾಡಿಯ ಇಂಜಿನ್ನು ಫ್ರಾನ್ಸಿನ ಪ್ಯೂಜೋ ಕಂಪನಿ ನಮೂನಿದು, ಎಕ್ಸ್‌ಡಿಪಿ 4.90 ಅಂತ ಹೆಸರು. ನಾಕು ಸಿಲಿಂಡರು, ಒಂದೊಂದರ ಬಾಯಿ 90 ಮಿಲಿಮೀಟರು, ಅದಕ್ಕ 4.90. ಒಟ್ಟು 2112 ಸಿಸಿ, ಡೀಸಲ್ಲು. ಒಂದ ಗಾಡಿಯೊಳಗ ಅಮೆರಿಕಾ, ಫ್ರಾನ್ಸ್, ಮುಂಬೈ, ಮ್ಯಾಲ ನಮ್ಮ ಖಾನಾಪುರದ ಕೆಂಪಮಣ್ಣು!

ಹೊಸಾ ಥಾರ ತಗೋಳೋಣು ಅಂತ ಮಗ ಅಂದ. ಅದು ಆಗ ಹತ್ತು ಲಕ್ಷದ ಮ್ಯಾಲ ಇತ್ತು. ರಿಟೈರ ಆದವ್ರ ಮನಿಗೆ ಅದು ದೂರದ ಮಾತು. ಆ ಹಾದಿಗೆ ಸಾದಾ ಕಾರು ನಡೆಯೂದಿಲ್ಲ, ನಾಕೂ ಗಾಲಿಗೆ ಜೋರು ಹೋಗೂ ಗಾಡೀನ ಬೇಕು. ಅದು ಕೊಟ್ಟಿಗಿ ಬಾಜೂಕ ನಿಂತೈತಿ. 2023ರ ದೀಪಾವಳಿ ಪಾಡ್ಯದ ದಿವ್ಸ ಊಟಕ್ಕ ಕುಂತಾಗ ನಾನ ಮಾತ ತಗದೆ. “ಮಿರಗ ಕೂಡೂದ್ರಾಗ ಜೀಪ ತಯಾರ ಆಗ್ಲಿ. ಲೆಕ್ಕಾ ನಾ ಬರೀತೇನಿ.” ನಮ್ಮ ಮನೀಯವ್ರು ತಾಟಿನ್ಯಾಗಿನ ಹೋಳಗಿ ಬಿಟ್ಟು ನನ್ನ ಮಾರಿ ನೋಡಿದ್ರು.

ಡಿಸೆಂಬರದಾಗ ಟ್ರ್ಯಾಕ್ಟರ್ ಹಚ್ಚಿ ಡಾಂಬರ ರಸ್ತಾ ಮುಟ್ಟಿಸಿ, ಅಲ್ಲಿಂದ ಗಾಡಿ ಮ್ಯಾಲ ಹೇರಿ ಬೆಳಗಾವಿಗೆ ತಂದ್ವಿ. ಮೊದಲ್ನೇ ಗ್ಯಾರೇಜಿನಾಂವ ನಿಂತಲ್ಲೇ ನೋಡಿ, “ಇಂಜಿನ್ ಮಾಡಿ, ಪೇಂಟ್ ಹೊಡದು ಒಂದು ತಿಂಗಳದಾಗ ಕೊಡ್ತೇನಿ” ಅಂದ. ಎರಡನೇದಾಂವ ವಯಸ್ಸಾದ ಮಿಸ್ತ್ರಿ. ಮರಾಠಿ, ಕನ್ನಡ, ಹಿಂದಿ ಮೂರೂ ಒಂದ ಮಾತಿನ್ಯಾಗ ಕಲಸಿ ಆಡಾಂವ. ಅಂವ ಏನೂ ಹೇಳ್ಲಿಲ್ಲ. ಗೋಣಿಚೀಲ ಹಾಸಿ ಗಾಡಿ ಕೆಳಗ ಮಲಕೊಂಡು, ಸಣ್ಣ ಹತೋಡಿ ತಗೊಂಡು ಚಾಸಿಗೆ ಟಣ್ ಟಣ್ ಅಂತ ಬಡಕೋತ ಹೋದ. ಎರಡು ಕಡೆ ಸಪ್ಪಳ ಬದಲಾತು. ಟಣ್ ಅನ್ನೂದು ಡಬ್ ಅಂತು. ನನಗ ಆಗ್ಲೇ ತಿಳೀತು. ಖಾನಾಪುರದ ಗಡಗಿ, ಹಂಚು ಎಲ್ಲಾ ಕಡೆ ಹೆಸರಾದವು, ನಾವು ಹೆಣಮಕ್ಕಳು ಗಡಗಿ ಕೊಳ್ಳೂ ಮುಂದ ಬೆರಳಲೆ ಬಡದ ನೋಡೂದಿಲ್ಲೇನು? ಸೀಳಿದ ಗಡಗಿ ಹಂಗ ಡಬ್ ಅಂತೈತಿ. ಈ ಮಿಸ್ತ್ರಿ ಕಡೇನ ಮಾಡ್ಸೋಣು ಅಂತ ನಾ ಅಲ್ಲೇ ಅಂದೆ.

ಅಂವ ಹೇಳಿದ ಕ್ರಮ ನಾ ವಹಿಯೊಳಗ ಬರಕೊಂಡೆ. ಮೊದಲ ಚಾಸಿ, ಆಮ್ಯಾಲ ಅಚ್ಚು, ಸ್ಟೇರಿಂಗು, ಬ್ರೇಕು, ಆಮ್ಯಾಲ ಇಂಜಿನ್ನು, ಗೇರ ಬಾಕ್ಸು, ಆಮ್ಯಾಲ ವಾಯರಿಂಗು, ಪತ್ರಾ ಕೆಲಸ, ಎಲ್ಲಾಕ್ಕೂ ಕಡೀಕ ಬಣ್ಣ. “ಅಕ್ಕಾರ, ಮಂದಿ ಬಣ್ಣಾ ನೋಡಿ ರೊಕ್ಕಾ ಕೊಡ್ತಾರ. ಗಾಡಿ ನಿಂದ್ರೋದು ಚಾಸಿ ಮ್ಯಾಲ” ಅಂದ. ಮನಿ ಕಟ್ಟೋರಿಗೂ ಇದ ಮಾತಲ್ಲೇನ್ರಿ? ಬುನಾದಿ ಸೋರತಿರೋ ಮುಂದ ಗ್ವಾಡಿಗೆ ಸುಣ್ಣಾ ಹಚ್ಚಿದ್ರ ಏನ ಬಂತು?

ಬಿಚ್ಚಾಕ ಹತ್ತಿದಾಗ ನನಗೂ ಒಂದು ಕೆಲಸ ಸಿಕ್ತು. ಒಂದೊಂದು ಭಾಗದ ನಟ್ಟು ಬೋಲ್ಟು ಒಂದೊಂದು ಡಬ್ಬಿಯೊಳಗ. ಹಪ್ಪಳದ ಡಬ್ಬಿ, ಉಪ್ಪಿನಕಾಯಿ ಬಾಟ್ಲಿ, ಮನ್ಯಾಗಿದ್ದ ಎಲ್ಲಾ ಖಾಲಿ ಭಾಂಡೆ ಗ್ಯಾರೇಜಿಗೆ ಹೋದ್ವು. ಮ್ಯಾಲ ಚೀಟಿ ಹಚ್ಚಿ ‘ಮುಂದಿನ ಪಾಟಾ, ಎಡಕ್ಕ’, ‘ಸ್ಟೇರಿಂಗ ಪೆಟ್ಟಿಗಿ’, ‘ಬಂಪರ್’ ಅಂತ ಬರದೆ. ಗ್ಯಾರೇಜಿನ ಹುಡುಗರು ಮೊದಲ ನಕ್ರು. ಮೂರು ತಿಂಗಳ ಆದ ಮ್ಯಾಲ ಜೋಡಿಸೋ ಮುಂದ ನಗಲಿಲ್ಲ. ಅಂಥಾ ಗಾಡಿಯೊಳಗ ಒಂದು ಉದ್ದ, ಒಂದು ಗಿಡ್ಡ ಬೋಲ್ಟು ಅದಲು ಬದಲ ಆದ್ರ ಅರ್ಧ ದಿವ್ಸ ಹುಡುಕೋದ ಆಗ್ತೈತಿ.

ಚಾಸಿ ತೊಳದು ಮಣ್ಣು ಕೆತ್ತಿದಾಗ ನೋಡಬೇಕಿತ್ತ್ರಿ. ಇಪ್ಪತ್ತಾರು ಮಳಿಗಾಲದ ಕೆಂಪಮಣ್ಣು ಸಂದಿಯೊಳಗ ಕಲ್ಲಾಗಿ ಕುಂತಿತ್ತು. ಹೊರಗಿಂದ ಗಟ್ಟಿ ಕಂಡಿದ್ದು ಒಳಗ ಜಂಗ ತಿಂದು ಹಪ್ಪಳ ಆಗಿತ್ತು. ನೀರು ಹರದ ಹೋಗ್ತೈತಿ, ಹಸಿ ಮಣ್ಣು ಮಾತ್ರ ಅಲ್ಲೇ ಕುಂತು ತಿಂತಿರ್ತೈತಿ, ಅದ ಗಾಡಿಗೆ ವೈರಿ ಅಂದ ಮಿಸ್ತ್ರಿ. ಕೆಟ್ಟ ಭಾಗದ ಮ್ಯಾಲ ತಗಡು ಇಟ್ಟು ಬೆಸಿಗಿ ಹಾಕ್ಲಿಲ್ಲ. ಒಳ್ಳೇ ಕಬ್ಬಿಣ ಸಿಗೂತನ ಕತ್ತರಿಸಿ ತಗದು, ಅಷ್ಟ ದಪ್ಪಂದು ಹೊಸಾದು ಕೂಡಿಸಿದ. ಕೌದಿ ಹೊಲಿಯೋರಿಗೆ ಇದು ಗೊತ್ತು. ಪಿಸದ ಅರಬಿ ಮ್ಯಾಲ ಗಟ್ಟಿ ತ್ಯಾಪಿ ಹಚ್ಚಿದ್ರ ಒಂದ ತೊಳ್ಯಾಣದಾಗ ಬಾಜೂಕ ಹರೀತೈತಿ. ಗಟ್ಟಿ ಅರಬಿ ಬರೂತನ ಹೋಗ್ಬೇಕು. ಚಾಸಿ ನಂಬರ ಇದ್ದ ಜಾಗಾಕ ಮಾತ್ರ ಬೆಂಕಿ ತಾಕಸ್ಲಿಲ್ಲ, ಅದು ಅಳಿಸಿದ್ರ ಗಾಡೀನ ಇಲ್ಲದಂಗ.

ಅಲ್ಲೇ ನಮ್ಮ ಲೆಕ್ಕಾ ತಪ್ಪಿತು. ಮೊದಲ 2,20,000 ಅಂತ ಅಂದಾಜಿತ್ತು. ಚಾಸಿ, ತಳದ ಪತ್ರಾ ನೋಡಿದ ಮ್ಯಾಲ ಮಿಸ್ತ್ರಿ 3,40,000 ಅಂದ. “ಈಗ ಬ್ಯಾಡ ಅಂದ್ರ ಬ್ಯಾಡ ಅನ್ರಿ, ನನಗ ಸಿಟ್ಟಿಲ್ಲ” ಅಂತನೂ ಅಂದ. ಆ ರಾತ್ರಿ ನಮ್ಮ ಮನೀಯವ್ರಿಗೆ ನಿದ್ದಿ ಬರಲಿಲ್ಲ. ಅವರು ಕೊಡಬಹುದಾದ್ದು ಎರಡು ಲಕ್ಷ. ನನ್ನ ಹೆಸರಿನ್ಯಾಗ ಒಂದು ಎಫ್‌ಡಿ ಇತ್ತು. ಅಡಗಿಮನಿ ಕಟ್ಟಿ ಒಡದು, ಹೊಸಾ ಕಡಪಾ ಹಾಕಿಸಿ, ಕಪಾಟ ಮಾಡ್ಸಬೇಕು ಅಂತ ನಾ ಆರು ವರ್ಷ ಭಿಶಿ ಹಿಡದು ಕೂಡಿಟ್ಟಿದ್ದು. ಅದನ್ನ ಮುರ್ಯಾಕ ನನಗ ಯಾರೂ ಹೇಳ್ಲಿಲ್ಲ. ಯಾರೂ ಹೇಳ್ದಿದ್ದಕ್ಕ ವಿಚಾರ ಮಾಡಾಕ ಸುಲಭ ಆತು. ಕಟ್ಟಿ ಹಳೇದಿದ್ರೂ ಅದರ ಮ್ಯಾಲ ರೊಟ್ಟಿ ಆಗ್ತಾವು. ಆ ಹಾದಿಯೊಳಗ ಕುರ್ಚಿ ಮಾತ್ರ ಇನ್ನೊಮ್ಮೆ ಬರಬಾರ್ದು. ಒಂದು ಲಕ್ಷ ತಗದ ಕೊಟ್ಟೆ. ಉಳಿದ ನಲವತ್ತು ಸಾವಿರಕ್ಕ ಏನು ಅಂತ ಕುಂತಾಗ ಮೈದುನನ ಫೋನ್ ಬಂತು. “ವೈನಿ, ಐದು ಟೈರಿನ ರೊಕ್ಕಾ ನಂದು.” ಜೀಪ ಮಾರೋಣು ಅಂದಾಂವ ಅವನ!

ಇಂಜಿನ್ನು ಪೂರಾ ಬಿಚ್ಚಿದ್ರು. ಕ್ರ್ಯಾಂಕ ಉದ್ಯಮಬಾಗಕ್ಕ ಗ್ರೈಂಡಿಂಗಿಗೆ ಹೋತು. ಉದ್ಯಮಬಾಗ ಅಂದ್ರ ನಮ್ಮ ಬೆಳಗಾವಿ ಫೌಂಡ್ರಿ, ಲೇತ್ ಮಷಿನ್ನಿನ ಊರು. ಹೊರಗಿನ ಮಂದಿಗೆ ಬೆಳಗಾವಿ ಅಂದ್ರ ಕುಂದಾ ಗೊತ್ತು, ಆದ್ರ ಇಲ್ಲಿ ಕಬ್ಬಿಣಾ ಕರಗಿಸಿ ಎಂಥಾ ಭಾಗ ಬೇಕಂದ್ರೂ ಮಾಡಿ ಕೊಡೂ ಕೈಗಳು ಅದಾವು. ಹೊಸಾ ಪಿಸ್ಟನ್ನು, ರಿಂಗು, ಬೇರಿಂಗು ಬಂದ್ವು. ಡೀಸಲ್ ಪಂಪು, ನಾಜಲ್ಲು ಅದನ್ನ ಮಾಡೋರ ಕಡೆ ಹೋಗಿ ಸೆಟ್ ಆಗಿ ಬಂದ್ವು. ಟ್ಯಾಂಕಿನ್ಯಾಗಿನ ಹಳೇ ಡೀಸಲ್ಲು ಕಾಕಂಬಿ ಹಂಗ ಆಗಿತ್ತು.

ಈ ನಡುವ ಮಗ, ಹಳೇ ಇಂಜಿನ್ ತಗದು ಬ್ಯಾರೆ ಜೋರಿಂದು ಕೂಡಿಸೋಣು, ಅಗಲಾನೂ ಟೈರ ಹಾಕೋಣು ಅಂತ ಹಟಾ ಹಿಡದ. ಮಿಸ್ತ್ರಿ ಒಪ್ಪಲಿಲ್ಲ. ಆರ್‌ಸಿಯೊಳಗ ಬರದ ಇಂಜಿನ್ ನಂಬರು, ಚಾಸಿ ನಂಬರು, ಬಣ್ಣ ಎಲ್ಲಾ ಗಾಡಿಗೆ ತಾಳಿ ಆಗ್ಬೇಕು. ಇಂಜಿನ್ ಬದಲಿಸಬೇಕಂದ್ರ ಆರ್‌ಟಿಓ ಪರವಾನಗಿ ಬೇಕು. ಅದಲ್ದ ಜೋರು ಹೆಚ್ಚಾದ್ರ ಅದನ್ನ ತಡಿಯೂ ಬ್ರೇಕು, ಅಚ್ಚು ಎಲ್ಲಾ ಬದಲೀ ಮಾಡ್ಬೇಕು. “ಅಜ್ಜಿನ್ನ ಕರ್ಕೊಂಡ ಬರೂ ಗಾಡಿ ಐತೋ, ರೇಸಿಗೆ ಹೋಗೂ ಗಾಡಿ ಐತೋ?” ಅಂತ ಕೇಳಿದ. ಮಗ ಸುಮ್ನಾದ.

ನಾಕ ಗಾಲಿ ಕೆಲಸ ಹೆಂಗಂತ ನಾನೂ ಕೇಳಿ ತಿಳಕೊಂಡೆ. ದೊಡ್ಡ ಗೇರ ದಾಂಡಿ ಬಾಜೂಕ ಎರಡು ಸಣ್ಣ ದಾಂಡಿ. ಒಂದು ಮುಂದಿನ ಅಚ್ಚಿಗೂ ಇಂಜಿನ್ನಿನ ಜೋರು ಮುಟ್ಟಸ್ತೈತಿ. ಇನ್ನೊಂದನ್ನ ‘ಲೋ’ಕ್ಕ ಹಾಕಿದ್ರ ಗಾಡಿ ಸಾವಕಾಶ ಆಗ್ತೈತಿ, ಗಾಲಿಗೆ ಮುಟ್ಟೂ ಜೋರು ಸುಮಾರು ಎರಡೂವರೆ ಪಟ್ಟು ಆಗ್ತೈತಿ. ರಾಡಿಯೊಳಗ, ಏರಿನ್ಯಾಗ ಬೇಕಾಗೋದು ಓಟ ಅಲ್ಲ, ಆ ಜೋರು. ಒಣಾ ಡಾಂಬರದ ಮ್ಯಾಲ ಮಾತ್ರ ನಾಕೂ ಗಾಲಿ ಹಾಕಬಾರ್ದು. ತಿರುವಿನ್ಯಾಗ ಮುಂದಿನ ಗಾಲಿ ಹೆಚ್ಚು ದಾರಿ ಸುತ್ತತಾವು, ಹಿಂದಿನವು ಕಡಿಮಿ. ರಾಡಿ ಇದ್ರ ಜಾರಿ ಸರಿ ಮಾಡ್ಕೋತಾವು. ಡಾಂಬರ ಜಾರೂದಿಲ್ಲ, ಎಳದಾಟ ಎಲ್ಲಾ ಗೇರಿನ ಮ್ಯಾಲ ಬಂದು ಮುರೀತಾವು. ಭಾಳ ಹಳೇ ಗಾಡಿಗಳ ಪೆಟ್ಟಿಗಿ ಹಾಳಾಗೋದು ಇದಕ್ಕಂತ.

ವಹಿಯೊಳಗಿನ ಲೆಕ್ಕಾ ಇಲ್ಲಿ ಇಡ್ತೇನಿ, ಯಾರಿಗರ ಉಪಯೋಗ ಆಗ್ಲಿ. ಇಂಜಿನ್ನು 80,000. ಚಾಸಿ, ಪತ್ರಾ 60,000. ಗೇರ ಬಾಕ್ಸು, ನಾಕ ಗಾಲಿ ಪೆಟ್ಟಿಗಿ 30,000. ಅಚ್ಚು, ಬ್ರೇಕು, ಸ್ಟೇರಿಂಗು, ಪಾಟಾ 40,000. ಐದು ಟೈರು 40,000. ವಾಯರಿಂಗು, ಬ್ಯಾಟರಿ 18,000. ಹುಡ್ಡು, ಸೀಟು 22,000. ಬಣ್ಣ 30,000. ಗಾಡಿ ಎಳದು ತಂದಿದ್ದು, ಇನ್ಶೂರನ್ಸು, ಆರ್‌ಟಿಓ ಎಲ್ಲಾ ಕೂಡಿ 20,000. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕ ನೋಂದಣಿ ಹೊಸಾದು ಮಾಡ್ಸಬೇಕು. ಮೊದಲ ಅದರ ಫೀ 600 ಇತ್ತು, 2022ರ ಏಪ್ರಿಲ್ 1ರಿಂದ 5,000 ಮಾಡಿದ್ರು. ತಡಾ ಆಗಿದ್ದಕ್ಕ ದಂಡ ಬ್ಯಾರೆ. ಕಟ್ಟಿಸೋರು ಮೊದಲ ಕಾಗದಾ ನೋಡ್ರಿ, ಆಮ್ಯಾಲ ಪಾನಾ ಹಿಡೀರಿ. ಕಾಗದಾ ಇಲ್ಲದ ಗಾಡಿಗೆ ಎಷ್ಟ ರೊಕ್ಕಾ ಹಾಕಿದ್ರೂ ಅದು ಅಂಗಳದಾಗಿನ ಗೊಂಬಿ.

2024ರ ಜೂನ್ 5ಕ್ಕ ಗಾಡಿ ನಮ್ಮ ಕೈಗೆ ಬಂತು, ಮಿರಗಕ್ಕ ಎರಡು ದಿವ್ಸ ಮೊದಲ. ಬಣ್ಣ ಆರ್‌ಸಿಯೊಳಗಿದ್ದ ಅದ ಹಸರು. ಜುಲೈದಾಗ ಮಳಿ ಹಿಡೀತು ನೋಡ್ರಿ, ಮೂರು ದಿವ್ಸ ಊರಿಗೆ ಫೋನ್ ಹತ್ತಲಿಲ್ಲ. ನಾಕನೇ ದಿವ್ಸ ನಾವಿಬ್ಬರೂ ಹೊಂಟ್ವಿ. ಡಾಂಬರ ಬಿಟ್ಟು ಮಣ್ಣಿಗೆ ಇಳಿಯೂ ಮುಂದ ನಮ್ಮ ಮನೀಯವ್ರು ಸಣ್ಣ ದಾಂಡಿ ಎರಡೂ ಹಾಕಿದ್ರು. ಹಳ್ಳದ ಹತ್ರ ಗಾಡಿ ನಿಲ್ಲಿಸಿ, ಇಳದು, ಕೋಲು ಹಾಕಿ ನೀರು ಎಷ್ಟೈತಿ ನೋಡಿದ್ರು. ಮೊಣಕಾಲ ಕೆಳಗ ಇತ್ತು. ಹೆಚ್ಚಿದ್ದಿದ್ರ ಹೊಳ್ಳಿ ಬರೋಣು ಅಂತ ಮೊದಲ ಮಾತಾಗಿತ್ತು, ಯಾಕಂದ್ರ ನೀರಿಗೆ ಜೀಪು ಎತ್ತಿನ ಬಂಡಿ ಎಲ್ಲಾ ಒಂದ. ಗಾಡಿ ಗುರ್ ಅಂತ, ಎಮ್ಮಿ ನಡದಂಗ, ಒಂದ ಸವನಿಂದ ದಾಟಿ ಏರು ಹತ್ತಿತು. ನಾ ಮ್ಯಾಲಿನ ಕಬ್ಬಿಣಾ ಹಿಡಕೊಂಡ ಕೈ ಸಡ್ಲ ಮಾಡ್ಲಿಲ್ಲ.

ಅತ್ತಿಯವ್ರು ಪಡಸಾಲ್ಯಾಗ ಕುಂತು ಅಕ್ಕಿ ಹಸನ ಮಾಡಾಕ ಹತ್ತಿದ್ರು. ಗಾಡಿ ಸುತ್ತ ಒಂದು ಸುತ್ತ ಹಾಕಿ ನೋಡಿದ್ರು. “ಸಪ್ಪಳಾ ಅದ ಐತಿ” ಅಂದ್ರು. ಮತ್ತೇನೂ ಅನ್ನಲಿಲ್ಲ. ಚಹಾಕ ಇಟ್ರು.

ನಾವು ತಿಳಿದಿದ್ದು ಏನಂದ್ರ, ಜೀಪ ಆದ್ರ ಅವರು ಊರು ಬಿಟ್ಟು ಕದಲೂದಿಲ್ಲ ಅಂತ. ಆದದ್ದು ಬ್ಯಾರೆ. ಶ್ರಾವಣದಾಗ ಅವರ ಫೋನ್ ಮಾಡಿ, “ಮಂಗಳಾರ ಗಾಡಿ ತಗೊಂಡ ಬಾರೋ, ಎಂಟು ದಿನಾ ಇದ್ದು ಬರ್ತೇನಿ, ಕಣ್ಣು ತೋರಸ್ಕೋಬೇಕು” ಅಂದ್ರು ಮಗನಿಗೆ. ಎರಡು ವರ್ಷ ಕೈ ಮುಗದು ಕರದಾಗ ಬಾರದವರು! ಕಣ್ಣಿನ ಪೊರಿ ಆಪರೇಶನ್ ಆತು. ಎಂಟು ಅಂದವರು ಇಪ್ಪತ್ತು ದಿವ್ಸ ಇದ್ರು. ಗ್ಯಾಲರಿಯೊಳಗ ಕುಂತು ಮೋಟಾರನೂ ಎಣಿಸಿದ್ರು. ಮೊದಲ ಬಾರದ್ದು ಹಟಾ ಅಲ್ಲ, ಹೆದರಿಕಿ. ಬಂದ್ರ ಹೊಳ್ಳಿ ಹೋಗಾಕ ಆಗೂದಿಲ್ಲ, ಎಮ್ಮಿ ಮಾರಿ ಕೀಲಿ ಹಾಕಿ ಬಿಡ್ತಾರ ಅಂತ. ಬಾಗಲಾಗ ಜೀಪ ನಿಂತಿತ್ತು, ಅದರ ಮೂತಿ ಖಾನಾಪುರದ ಕಡೆ ಇತ್ತು, ಅಷ್ಟಕ್ಕ ಅವರಿಗೆ ನಿದ್ದಿ ಬರ್ತಿತ್ತು ಅನ್ನಸ್ತೈತಿ.

ಮೈದುನನ ಮಾತು ಈಗೂ ಸುಳ್ಳಲ್ಲ. ಹಳ್ಳ ತುಂಬಿ ಬಂದ ದಿವ್ಸ ಯಾವ ಗಾಡೀನೂ ದಾಟೂದಿಲ್ಲ. ಹಂತಾ ದಿವ್ಸಗಳು ಆ ಸೀಮ್ಯಾಗ ಇದ್ದ ಇರ್ತಾವು. ಅದಕ್ಕ ಈಗ ಪುನರ್ವಸು ಮಳಿ ಜೋರು ಹಿಡೀತು ಅಂದ್ರ ಅತ್ತಿಯವ್ರು ಹದಿನೈದು ದಿನಾ ಇಲ್ಲಿ, ಮಳಿ ಇಳಿದ ಮ್ಯಾಲ ಅಲ್ಲಿ ಅಂತ ಮಾತಾಗೇತಿ. ಒಪ್ಪಿದ್ದು ಅವರ.

ಮಿಸ್ತ್ರಿ ಹೇಳಿದ ಮೂರು ಮಾತು ವಹಿಯ ಕಡೀ ಹಾಳಿಯೊಳಗ ಅದಾವು. ರಾಡಿಯಿಂದ ಬಂದ ದಿವ್ಸ ಗಾಡಿ ಕೆಳಗ ನೀರು ಹೊಡೀರಿ, ಮ್ಯಾಲ ಹೊಳಪು ಇರದಿದ್ರೂ ನಡೀತೈತಿ. ವಾರಕ್ಕೊಮ್ಮೆ ಚಾಲೂ ಮಾಡಿ ಹತ್ತು ಕಿಲೋಮೀಟರರ ಓಡಸ್ರಿ, ನಿಂತ ಗಾಡಿ ಓಡೂ ಗಾಡಿಗಿಂತ ಲಗೂನ ಕೆಡ್ತೈತಿ. ಗ್ರೀಸಿಗೆ ಜಿಪುಣತನ ಮಾಡಬ್ಯಾಡ್ರಿ. ನಮ್ಮ ಮನೀಯವ್ರು ಐತವಾರ ಮುಂಜಾನೆ ಆ ಹತ್ತು ಕಿಲೋಮೀಟರು ತಪ್ಪಿಸೂದಿಲ್ಲ, ಬರೂ ಮುಂದ ಬಾಜಾರದಿಂದ ಕಾಯಿಪಲ್ಲೆ ತರ್ತಾರ. ಅಡಗಿಮನಿ ಕಟ್ಟಿ ಅದ ಹಳೇದು. ಭಿಶಿ ಮತ್ತ ಹಿಡದೇನಿ, ನನ್ನ ನಂಬರ ಬರಾಕ ಇನ್ನೂ ಹದಿನಾಲ್ಕು ತಿಂಗಳ ಐತಿ.